ಮಿದುಳಿನ ನಕ್ಷೆ ಬಿಡಿಸುವ ಊರು

ಮದ್ರಾಸ್ ಐಐಟಿಯ ಸುಧಾ ಗೋಪಾಲಕೃಷ್ಣನ್ ಬ್ರೈನ್ ಸೆಂಟರ್‌ನಲ್ಲಿ ಹೆಪ್ಪುಗಟ್ಟಿಸಿದ ಮಿದುಳನ್ನು ಕೂದಲೆಳೆಗಿಂತ ತೆಳ್ಳಗೆ ಹೋಳು ಮಾಡುತ್ತಾರೆ. ಒಂದೊಂದು ಹೋಳನ್ನೂ ಗಾಜಿಗೆ ಅಂಟಿಸಿ, ಬಣ್ಣ ಹಾಕಿ, ಜೀವಕೋಶಗಳು ಬಿಡಿಬಿಡಿಯಾಗಿ ಕಾಣುವಂತೆ ಚಿತ್ರ ತೆಗೆಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಈ ಕೇಂದ್ರ ಲೋಕಕ್ಕೆ ತೆರೆದಿಟ್ಟ ‘ಧರಣಿ’ ಇಂಥ 5,132 ಹೋಳುಗಳಿಂದ ಕಟ್ಟಿದ ಭ್ರೂಣ ಮಿದುಳಿನ ಮೂರು ಆಯಾಮದ ನಕ್ಷೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕೇಂದ್ರಕ್ಕೆ ಹಣ ಕೊಟ್ಟವರು ಬೆಂಗಳೂರಿಗೆ ಪರಿಚಿತರೇ, ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್.

ನಕ್ಷೆಗೆ ಆರಿಸಿಕೊಂಡದ್ದು ಗರ್ಭದ ನಾಲ್ಕರಿಂದ ಆರನೇ ತಿಂಗಳ ಅವಧಿ. ಆಗ ಮಿದುಳಿನ ಮೇಲ್ಮೈ ಇನ್ನೂ ನುಣುಪು. ನಾವು ಚಿತ್ರಗಳಲ್ಲಿ ನೋಡುವ ಸುಕ್ಕು, ಮಡಿಕೆಗಳು ಆಮೇಲೆ ಬರುವಂಥವು. ಒಳಗೆ ಮಾತ್ರ ಬಿಡುವಿಲ್ಲದ ಓಡಾಟ. ಮಧ್ಯಭಾಗದಲ್ಲಿ ಹುಟ್ಟಿದ ನರಕೋಶಗಳು ಹೊರಮೈಯತ್ತ ಸರಿಯುತ್ತ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಈ ಪಯಣದಲ್ಲಿ ಆಗುವ ಏರುಪೇರಿಗೂ ಆಟಿಸಂ, ಸ್ಕಿಜೋಫ್ರೇನಿಯಾಗಳಿಗೂ ನಂಟಿದೆ ಎಂಬುದು ವಿಜ್ಞಾನಿಗಳ ಬಹುದಿನದ ಗುಮಾನಿ. ಹಾಗಂತ ನಕ್ಷೆ ಬಂತು, ಮದ್ದೂ ಬಂದೇಬಿಟ್ಟಿತು ಎಂದುಕೊಂಡರೆ ಅದು ದುಡುಕು. ತಪ್ಪಿದ್ದೆಲ್ಲಿ ಎಂದು ಹುಡುಕಲು ಸರಿ ಇರುವುದು ಹೇಗೆ ಎಂದಾದರೂ ಗೊತ್ತಿರಬೇಕಲ್ಲ, ಅಷ್ಟರಮಟ್ಟಿಗೆ ಇದು ದೊಡ್ಡ ಕೆಲಸ.

ಮಿದುಳಿನ ತೊಂದರೆಗಳನ್ನು ತಡೆಯುವ ಕೆಲಸ ನಕ್ಷೆಗೆ ಕಾಯಬೇಕಿಲ್ಲ. ಮಿದುಳು ಮತ್ತು ಬೆನ್ನುಹುರಿಗೆ ಮೂಲವಾದ ನರನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಬಹಳ ಸಲ ತಾಯಿಗೆ ತಾನು ಬಸುರಿ ಎಂದೂ ಗೊತ್ತಿರುವುದಿಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಶುರು ಮಾಡಿ ಎಂದು ವೈದ್ಯರು ಹೇಳುವುದು ಅದಕ್ಕೇ.

ಆರನೇ ವರ್ಷಕ್ಕೆ ಮಗುವಿನ ಮಿದುಳು ದೊಡ್ಡವರ ಗಾತ್ರದ ಸುಮಾರು ಶೇ 90 ಭಾಗ ಮುಟ್ಟಿರುತ್ತದೆ. ಚೆನ್ನೈನ ತ್ಯಾಗರಾಯನಗರದ ಮಧುರಂ ನಾರಾಯಣನ್ ಕೇಂದ್ರ 1989ರಿಂದ ದುಡಿಯುತ್ತಿರುವುದು ಈ ಆರು ವರ್ಷಗಳ ಮೇಲೆಯೇ. ಬೆಳವಣಿಗೆ ಹಿಂದುಳಿದ ಮಕ್ಕಳಿಗೆ ಅಲ್ಲಿ ‘ಉಪನಯನ್’ ಎಂಬ ತರಬೇತಿ. ಮಗುವಿನ ಜತೆ ಮನೆಯವರೂ ಕಲಿಯುತ್ತಾರೆ, ಏಕೆಂದರೆ ದಿನದ ಉಳಿದ ಹೊತ್ತೆಲ್ಲ ಮಗು ಅವರ ಕೈಯಲ್ಲೇ ಇರುತ್ತದೆ. ತೊಂದರೆ ಎಂದರೆ ಮಕ್ಕಳು ಇಂಥ ಕಡೆ ತಲುಪುವುದೇ ತಡ. ಎರಡು ವರ್ಷವಾದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ ಎಂದರೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎನ್ನುವ ಅಜ್ಜಿ ಪ್ರತಿ ಮನೆಯಲ್ಲೂ ಇದ್ದಾರೆ. ಕೆಲವೊಮ್ಮೆ ಅಜ್ಜಿ ಹೇಳಿದ್ದೇ ನಿಜವಾಗುತ್ತದೆ, ಫಜೀತಿ ಇರುವುದು ಅಲ್ಲೇ.

ಗಾತ್ರ ತುಂಬಿದರೂ ಕಟ್ಟುವ ಕೆಲಸ ಮುಗಿಯದು. ಯೋಚಿಸಿ ನಿರ್ಧರಿಸುವ, ಆವೇಗಕ್ಕೆ ಕಡಿವಾಣ ಹಾಕುವ ಮುಂಭಾಗ ಮಾಗಲು ಇಪ್ಪತ್ತೈದರ ಆಸುಪಾಸು ಬೇಕು. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ 14ರೊಳಗೆ, ಹತ್ತಿರಹತ್ತಿರ ಅರ್ಧ 18ರೊಳಗೆ ತಲೆದೋರುತ್ತವೆ. ಓದಿನಲ್ಲಿ ಹಿಂದೆ ಬಿದ್ದ, ಗೆಳೆಯರನ್ನು ಬಿಟ್ಟ, ರಾತ್ರಿಯಿಡೀ ಎಚ್ಚರವಿರುವ ಹುಡುಗನನ್ನು ‘ವಯಸ್ಸಿನ ಆಟ’ ಎಂದು ಬಿಟ್ಟರೆ, ಇಲ್ಲವೇ ದೃಷ್ಟಿ ತೆಗೆಸಿ ಕೂತರೆ, ತಿಂಗಳುಗಳು ಕಳೆದುಹೋಗುತ್ತವೆ.

ಕಳೆದುಹೋದ ಆ ಕಾಲದ ಬೆಲೆ ಚೆನ್ನಾಗಿ ಅರಿತಿದ್ದವರು ಡಾ. ಎಂ. ಶಾರದಾ ಮೆನನ್. 1923ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ, ವೈದ್ಯಕೀಯ ಓದಿದ್ದು ಮದ್ರಾಸಿನಲ್ಲಿ, ಮನೋವೈದ್ಯಕೀಯ ಕಲಿತದ್ದು ಇಂದು ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ ಎನಿಸಿ, 1961ರಲ್ಲಿ ಮದ್ರಾಸಿನ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಚುಕ್ಕಾಣಿ ಹಿಡಿದರು. 1794ರಲ್ಲಿ ಬೇರುಬಿಟ್ಟ ಸಂಸ್ಥೆ ಅದು. ಒಮ್ಮೆ ಒಳಹೋದವರು ಹೊರಬರುವುದು ಕಷ್ಟ ಎಂಬ ಕಾಲ. ಮೆನನ್ ಹೊರರೋಗಿ ವಿಭಾಗ ಬೆಳೆಸಿದರು, ರೋಗಿಗಳ ಕೈಗೆ ಕೆಲಸ ಕೊಟ್ಟರು. ನಿವೃತ್ತಿಯ ನಂತರ, 1984ರಲ್ಲಿ, ಸ್ಕಿಜೋಫ್ರೇನಿಯಾ ಸಂಶೋಧನೆಗಾಗಿಯೇ ‘ಸ್ಕಾರ್ಫ್’ ಸಂಸ್ಥೆ ಕಟ್ಟಿದರು. ಅವರ ಜತೆಗಾರ್ತಿ ಡಾ. ಆರ್. ತಾರಾ, ಮೊದಲ ಬಾರಿ ಕಾಯಿಲೆಗೆ ತುತ್ತಾದ 90 ಮಂದಿಯ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ದಾಖಲಿಸಿದ ಅಧ್ಯಯನ ಜಗತ್ತಿನ ಮನೋವೈದ್ಯರಿಗೆ ಗೊತ್ತು. ಮೆನನ್ 2021ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಚೆನ್ನೈನ ಅತ್ಯಂತ ಜಾಣ ಚಿಕಿತ್ಸೆ ಮಾತ್ರ ಆಸ್ಪತ್ರೆಯದಲ್ಲ, ಪರೀಕ್ಷಾ ಮಂಡಳಿಯದು. 1986ರಲ್ಲಿ ಆತ್ಮಹತ್ಯೆ ತಡೆಯಲು ‘ಸ್ನೇಹಾ’ ಆರಂಭಿಸಿದ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್, ಫಲಿತಾಂಶದ ದಿನಗಳಲ್ಲಿ ಬರುತ್ತಿದ್ದ ಸಾವಿನ ಸುದ್ದಿಗಳ ಜಾಡು ಹಿಡಿದರು. ನಪಾಸಾದ ಮಗುವಿಗೆ ಒಂದಿಡೀ ವರ್ಷ ಹಾಳಾಗುತ್ತಿತ್ತು. ಫಲಿತಾಂಶದ ಬೆನ್ನಿಗೇ ಪೂರಕ ಪರೀಕ್ಷೆ ಬರೆದು, ಅದೇ ವರ್ಷ ಮುಂದಿನ ತರಗತಿಗೆ ಹೋಗಲು ಬಿಡಿ ಎಂಬ ಅವರ ಸಲಹೆಯನ್ನು ತಮಿಳುನಾಡು ಸರ್ಕಾರ ಒಪ್ಪಿತು. ಇನ್ನೂ ಮಾಗದ ಮಿದುಳಿಗೆ ಬೇಕಿದ್ದುದು ಸ್ವಲ್ಪ ಸಮಯ ಮತ್ತು ಇನ್ನೊಂದು ಬಾಗಿಲು.

ಕರ್ನಾಟಕವೂ 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ತಂದಿತು. ಶಿಸ್ತು ಸಡಿಲವಾಯಿತು ಎಂದು ಗೊಣಗುವವರು ಇದ್ದೇ ಇದ್ದಾರೆ. ಫಲಿತಾಂಶದ ರಾತ್ರಿ ಮಗ ಬಾಗಿಲು ಹಾಕಿಕೊಂಡು ಕೂತರೆ ಅವರಿಗೂ ಕೆಲಸಕ್ಕೆ ಬರುವ ಒಂದು ಸಂಖ್ಯೆಯಿದೆ: ಟೆಲಿ ಮಾನಸ್, 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.