ಸತ್ತ ಬ್ಯಾಕ್ಟೀರಿಯಾ ಹಾಕಿದ್ರೆ ಮಣ್ಣು ಬದುಕುತ್ತಾ?

ನನ್ನ ಸೋದರಮಾವ ಶಿರಾ ಹತ್ತಿರ ಕಡಲೆಕಾಯಿ ಬೆಳೆಯುತ್ತಾರೆ. ಒಂದು ವರ್ಷ ನನ್ನ ಮಾತು ಕೇಳಿ ಬಿತ್ತನೆ ಬೀಜಕ್ಕೆ ರೈಜೋಬಿಯಂ ಹಚ್ಚಿದರು. ಕಾಯಿ ಕಿತ್ತ ಮೇಲೆ ಕೇಳಿದೆ. "ಆ ಕರಿ ಪುಡಿ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಕಣೋ" ಅಂದರು.

ಪ್ಯಾಕೆಟ್ ತಂದುಕೊಟ್ಟವನು ನಾನೇ. ಅದು ಬೇಸಿಗೆಯುದ್ದಕ್ಕೂ ತಗಡಿನ ಶೀಟಿನ ಅಂಗಡಿಯಲ್ಲಿ ಗೊಬ್ಬರದ ಚೀಲಗಳ ಮಧ್ಯೆ ಬಿದ್ದಿತ್ತು. ಅದರೊಳಗೆ ಜೀವ ಇತ್ತಾ? ಕೇಳಬೇಕು ಅಂತ ನನಗಾಗ ಹೊಳೆಯಲೇ ಇಲ್ಲ.

ಯೂರಿಯಾ ರಾಸಾಯನಿಕ, ಬಿಸಿಲಿಗೆ ಸಾಯಲ್ಲ. ರೈಜೋಬಿಯಂ ಜೀವಿ. ಬೇರಿನ ಗಂಟಿನೊಳಗೆ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕಿಸುವುದು ಅದರ ಕೆಲಸ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಆದರೆ ಲಿಗ್ನೈಟ್ ಪುಡಿ ಒಣಗಿದರೆ, ಬಿಸಿಯಾದರೆ ಆ ಸಂಖ್ಯೆ ಕುಸಿಯುತ್ತೆ. ಹೊರಗಿನಿಂದ ನೋಡಿದರೆ ಬದುಕಿರೋದೂ ಕರಿ ಪುಡಿ, ಸತ್ತಿರೋದೂ ಕರಿ ಪುಡಿ.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಪ್ಯಾಕೇಜಿಂಗ್ ಸಮಸ್ಯೆಯಾಗಿ ಕಾಣುತ್ತೆ. ಇದಕ್ಕೊಂದು ಉತ್ತರ ಸೂಕ್ಷ್ಮಜೀವಿಗಳಿಗೆ ಕವಚ ತೊಡಿಸೋದು. ಕಂದು ಕಡಲಕಳೆಯಿಂದ ಸಿಗುವ ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಬ್ಯಾಕ್ಟೀರಿಯಾ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿಯಾಗಿ ಬಿಡುತ್ತಾರೆ. ಕ್ಯಾಲ್ಸಿಯಂ ಆಲ್ಜಿನೇಟಿನ ಎಳೆಗಳನ್ನು ಹೆಣೆಯುತ್ತೆ. ಪ್ರತಿ ಹನಿಯೂ ಸಾಬಕ್ಕಿಯಂಥ ಮಣಿಯಾಗುತ್ತೆ. ಮಣ್ಣಿಗೆ ಬಿದ್ದ ಮೇಲೆ ಮಣಿ ನಿಧಾನಕ್ಕೆ ಕರಗಿ, ಒಳಗಿನ ಜೀವಿಗಳು ಹೊರಬರುತ್ತವೆ.

ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಹಿಡಿದ ದಾರಿ ಬೇರೆ: ಔಷಧಿ ಅಂಗಡಿಯಲ್ಲಿ ಸಿಗುವಂಥ ಕ್ಯಾಪ್ಸೂಲ್‌ನೊಳಗೆ ಬ್ಯಾಕ್ಟೀರಿಯಾ. ಶುಂಠಿಯಂಥ ಬೆಳೆಗೆ ಅದನ್ನು ನೀರಲ್ಲಿ ಕರಗಿಸಿ ಹಾಕಬಹುದು. ಸಾಮಾನ್ಯ ಉಷ್ಣಾಂಶದಲ್ಲೇ ಇಡಬಹುದು, ಜೇಬಲ್ಲಿ ಹಾಕ್ಕೊಂಡು ತೋಟಕ್ಕೆ ಹೋಗಬಹುದು.

ಹಾಗಂತ ಇದು ಮಾಯಾಮಾತ್ರೆ ಅಲ್ಲ. ಮಣಿಯನ್ನು ಒಣಗಿಸುವಾಗಲೇ ಒಂದಷ್ಟು ಬ್ಯಾಕ್ಟೀರಿಯಾ ಸಾಯುತ್ತೆ, ಆಲ್ಜಿನೇಟಿಗೆ ಖರ್ಚಿದೆ. ಮಣ್ಣಲ್ಲಿ ಸಾವಯವ ಅಂಶವೇ ಇಲ್ಲದಿದ್ದರೆ ಹೊರಗೆ ಬಂದ ಜೀವಿ ತಿನ್ನೋದೇನು? ಮೊದಲೇ ನೆಲೆಯೂರಿರುವ ಸ್ಥಳೀಯ ಜೀವಿಗಳ ಜೊತೆ ಪೈಪೋಟಿಯೂ ಇದೆ.

ಇನ್ನು ರಾಜಕೀಯ. 45 ಕೆಜಿ ಯೂರಿಯಾ ಚೀಲದ ಗರಿಷ್ಠ ಬೆಲೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿ. ಮಿಕ್ಕಿದ್ದನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ತುಂಬುತ್ತೆ. ಆ ಚೀಲ ಕೆಲಸ ಮಾಡುತ್ತೆ ಅನ್ನೋದು ರೈತರಿಗೆ ಗೊತ್ತು. ಅದರ ಎದುರು ಜೀವ ಇದೆಯೋ ಇಲ್ಲವೋ ಗೊತ್ತಿಲ್ಲದ ಪ್ಯಾಕೆಟ್ ಇಟ್ಟು "ಸುಸ್ಥಿರ ಕೃಷಿ ಮಾಡಿ" ಅಂತ ಭಾಷಣ ಬಿಗಿದರೆ ಯಾರು ಕೇಳ್ತಾರೆ?

ಹಾಗಾಗಿ ನಾವು ಕೇಳಬೇಕಾದ್ದು ಬರೀ ಹೊಸ ಕ್ಯಾಪ್ಸೂಲನ್ನಲ್ಲ. ಕಾರ್ಖಾನೆಯಲ್ಲಿ ಎಣಿಸಿದ ಕೋಶಗಳನ್ನು ಅಂಗಡಿಯ ಶೆಲ್ಫ್‌ನಿಂದ ತೆಗೆದೂ ಎಣಿಸಲಿ, ಫಲಿತಾಂಶ ರೈತರಿಗೆ ಕಾಣುವ ಹಾಗೆ ಹಾಕಲಿ. ಪ್ಯಾಕೆಟ್ ಸತ್ತಿದ್ದರೆ ನಷ್ಟ ಮಾರಿದವರದ್ದಾಗಲಿ.

ನಮ್ಮ ಮಾವ ಆಮೇಲೆ ಜೈವಿಕ ಗೊಬ್ಬರ ಮುಟ್ಟಿಲ್ಲ. ಅವರನ್ನು ಹಿಂದುಳಿದ ರೈತ ಅನ್ನೋಕೆ ನನಗೆ ಬಾಯಿ ಬರಲ್ಲ.