ಗಾಳಿಗಿಂತ ಮೊದಲು ಚಾವಣಿ ತಂಪಾಗಲಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು ಅಂಥದ್ದು, ನಿಜ. ಆದರೆ ಅದೇ ಮಧ್ಯಾಹ್ನ ಶಹಾಬಾದ್ ಮಗ್ಗುಲಿನ ಭಂಕೂರದಲ್ಲಿ, ದಪ್ಪ ಕಲ್ಲುಗೋಡೆಯ ಮಣ್ಣಿನ ಮಾಳಿಗೆ ಮನೆಯೊಳಗೆ ಹೋಗಿ ನೋಡಿ. ಫರಸಿಯ ಮೇಲೆ ಅಂಗಾಲು ಊರಿದೊಡನೆ ತಂಪು ತಟ್ಟುತ್ತದೆ.

ಇದು ಕಲ್ಲಿನ ತೂಕದ ಗುಣ. ಒಂದು ಘನ ಮೀಟರ್ ಸುಣ್ಣಕಲ್ಲನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ಗಾಳಿಗೆ ಬೇಕಾಗುವುದರ ಸುಮಾರು ಎರಡು ಸಾವಿರ ಪಟ್ಟು ಶಾಖ ಬೇಕು. ಒಂದೂವರೆ ಅಡಿ ದಪ್ಪದ ಗೋಡೆಯನ್ನು ದಾಟಿ ಹಗಲಿನ ಬಿಸಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಬಾಗಿಲು, ಬೆಳಕಿಂಡಿ ತೆರೆದರೆ ಕಲ್ಲು ಮತ್ತೆ ಆರುತ್ತದೆ. ಬಿಸಿಲನ್ನು ಹೊರಗಿಡುವ ಇಂಥ ಉಪಾಯ ದೊಡ್ಡ ಕಟ್ಟಡದಲ್ಲೂ ಉಂಟು; ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿ ನೋಡಿ. ಅಲ್ಲಿ ಬಯಲು ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ನೆರಳು. ಗಾಳಿ ಬೆಳಕು ಬರುವುದು ಬದಿಯ ಕಮಾನುಗಳಿಂದ.

ನಾಲ್ಕೈದು ಇಂಚಿನ ಬರಿಯ ಆರ್‌ಸಿಸಿ ಚಾವಣಿಗೆ ಈ ತಾಳ್ಮೆಯಿಲ್ಲ. ಮಧ್ಯಾಹ್ನದ ಬಿಸಿಲು ಕೆಲವೇ ಗಂಟೆಗಳಲ್ಲಿ ತಳ ಮುಟ್ಟುತ್ತದೆ. ಸಂಜೆ ಏಳಕ್ಕೆ ಅದರಡಿ ನಿಂತರೆ ನೆತ್ತಿಗೆ ಕಾವು ತಾಗುತ್ತದೆ. ಹದವಾದ ಕೋಣೆಯಲ್ಲಿ ನಮ್ಮ ಮೈ ಬಿಡುವ ಶಾಖದಲ್ಲಿ ಅರ್ಧದಷ್ಟು ವಿಕಿರಣವಾಗಿಯೇ ಸುತ್ತಲ ಗೋಡೆ, ನೆಲ, ಚಾವಣಿಗಳಿಗೆ ಹೋಗಬೇಕು. ಅವೇ ಮೈಗಿಂತ ಬಿಸಿಯಾಗಿದ್ದರೆ ಶಾಖ ತಿರುಗಿ ನಮ್ಮ ಕಡೆಗೇ ಬರುತ್ತದೆ. ಎಸಿ ಗಾಳಿಯನ್ನಷ್ಟೇ ತಣಿಸುತ್ತದೆ. ಕಾದ ಚಾವಣಿಯಡಿ ಕುಳಿತವರು ರಿಮೋಟ್ ಒತ್ತುತ್ತಲೇ ಇರುತ್ತಾರೆ, ಮೀಟರ್ ಓಡುತ್ತಲೇ ಇರುತ್ತದೆ.

ವಾಡಿಯಲ್ಲಿ ರೈಲು ಹತ್ತಿದರೆ ಸಿಗುವ ಹೈದರಾಬಾದಿನಲ್ಲಿ ಕನ್ನಡ ನಾಡಿನದೇ ಕಂಪನಿ ಇನ್ಫೋಸಿಸ್, ಗಾಳಿಯ ಬದಲು ಚಾವಣಿಯನ್ನು ತಣಿಸಿದರೆ ಹೇಗೆಂದು ಪರೀಕ್ಷಿಸಿತು. ಪೋಚಾರಂ ಆವರಣದಲ್ಲಿ ಒಂದೇ ಕಟ್ಟಡದ ಎರಡು ಸಮಾನ ಭಾಗಗಳು. ಒಂದಕ್ಕೆ ಉತ್ತಮ ದರ್ಜೆಯ ಮಾಮೂಲಿ ಎಸಿ. ಇನ್ನೊಂದರ ಕಾಂಕ್ರೀಟ್ ಚಪ್ಪಡಿಯೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿದರು. ತಂಪಾದ ಚಪ್ಪಡಿ ಜನರ, ಕಂಪ್ಯೂಟರುಗಳ ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಗಾತ್ರದ ಗಾಳಿಗಿಂತ ನೀರು 3,400 ಪಟ್ಟು ಹೆಚ್ಚು ಶಾಖ ಹೊರುವುದರಿಂದ ದೊಡ್ಡ ಫ್ಯಾನುಗಳ ಕೆಲಸವನ್ನು ಸಣ್ಣ ಪಂಪು ಮಾಡುತ್ತದೆ. ದೊಡ್ಡ ಕಟ್ಟಡಗಳ ಮಾಮೂಲಿ ಎಸಿಯಲ್ಲಿ ಹರಿಯುವ ನೀರು 7 ಡಿಗ್ರಿಯ ಆಸುಪಾಸು ಇರಬೇಕು; ಇಲ್ಲಿ 14ರ ಮೇಲಿದ್ದರೂ ಸಾಕು, ನೀರು ತಣಿಸುವ ಚಿಲ್ಲರ್‌ಗೆ ಅಷ್ಟು ಹೊರೆ ಕಡಿಮೆ. ತಂಪಿಗೆ ತಗುಲುವ ವಿದ್ಯುತ್ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಕಟ್ಟುವ ವೆಚ್ಚವೂ ಏರಲಿಲ್ಲ.

ಒಂದು ಎಚ್ಚರ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತಣ್ಣನೆಯ ಚಪ್ಪಡಿ ಬೆವರುತ್ತದೆ. ಅದಕ್ಕೆಂದೇ ಉಸಿರಾಟಕ್ಕೆ ಬೇಕಾದಷ್ಟು ಹೊರಗಾಳಿಯನ್ನು ಮೊದಲು ಒಣಗಿಸಿ ಒಳಬಿಡುತ್ತಾರೆ. ಸೇಡಂ, ಚಿತ್ತಾಪುರದ ಒಣ ಬೇಸಿಗೆಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಬೇಕು. ಹೊಸ ಆಸ್ಪತ್ರೆ, ಕಾಲೇಜು, ಮಿನಿ ವಿಧಾನಸೌಧಗಳ ನಕ್ಷೆ ಬರೆಯುವಾಗಲೇ ಈ ವಿಧಾನವನ್ನು ಯೋಚಿಸಬೇಕು. ಈ ಬಿಸಿಲೂರಿನಲ್ಲಿ ಪಶ್ಚಿಮದ ಗೋಡೆಗೆ ಗಾಜು ಮೆತ್ತುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಹಳೆಯ ಕಚೇರಿಗಳ ಚಾವಣಿ ಒಡೆಯಬೇಕಿಲ್ಲ. ಮೇಲೆ ಬಿಳಿ ಸುಣ್ಣವೋ ಬಿಳಿ ಹೆಂಚೋ ಹಾಕಿ, ಕಿಟಕಿಗೆ ಹೊರಗಿನಿಂದ ನೆರಳು ಕೊಟ್ಟು, ರಾತ್ರಿ ಗಾಳಿ ಆಡಲು ಬಿಟ್ಟರೆ ಚಾವಣಿಯ ಕಾವು ಇಳಿಯುತ್ತದೆ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ಚಾವಣಿ ಆರಿದ್ದರೆ 22ರ ಬದಲು 27ಕ್ಕಿಟ್ಟು ಫ್ಯಾನ್ ಹಾಕಿಕೊಂಡರೂ ಮಧ್ಯಾಹ್ನ ಮೂರರವರೆಗೆ ಕೂತು ಕೆಲಸ ಮಾಡಬಹುದು.