ಆಟದ ಮೃಗಾಲಯಕ್ಕೆ ಹಕ್ಕಿಯೂ ಜಲಚರವೂ ಬಂದಾಗ

ಚಿನ್ನದ ಗಣಿಗಳ ಊರಿನಲ್ಲಿ ಬೆಳೆದವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ನೆಲದ ಮೇಲಿನ ನಕ್ಷೆಯು ಊರಿನ ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ. ಛಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. 2001ರಲ್ಲಿ ಗಣಿಗಳು ಮುಚ್ಚಲ್ಪಟ್ಟರೂ ಆ ಪಾಠವು ಉಳಿದಿದೆ. ಉದ್ದ ಮತ್ತು ಅಗಲಗಳೆರಡರಿಂದ ಗಣಿಯನ್ನು ವರ್ಣಿಸಲಾಗದು, ಆಳವೂ ಬೇಕು.

ಈ ಮಾತು ಈಗ ನೆನಪಿಗೆ ಬಂದುದು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ. ಗಣಕಯಂತ್ರದ ಮೇಲೆ ಮೃಗಾಲಯವನ್ನು ಕಟ್ಟುವ ವಿಡಿಯೊ ಆಟವೊಂದನ್ನು ಆತನು ಆಡುತ್ತಿದ್ದನು. "ಸಾರ್, ಆನೆ, ಹುಲಿ ಎಲ್ಲವೂ ಇವೆ, ಹಾರುವ ಹಕ್ಕಿಯನ್ನು ಸೇರಿಸುವುದು ಮಾತ್ರ ಏಕೆ ಅಷ್ಟು ಕಷ್ಟ? ಇನ್ನೊಂದು ಚಿತ್ರ ಬರೆದರೆ ಆಯಿತಲ್ಲವೆ?" ಎಂದು ಕೇಳಿದನು. ಪ್ರಶ್ನೆ ಸುಲಭವಾಗಿ ತೋರುತ್ತದೆ. ಉತ್ತರವು ಹಾಗಿಲ್ಲ.

ಇಂತಹ ಆಟಗಳ ಚರಿತ್ರೆಯನ್ನು ಮೊದಲು ನೋಡೋಣ. 'ಜೂ ಟೈಕೂನ್' ಎಂಬ ಆಟವು 2001ರಲ್ಲಿ ಹೊರಬಂದಿತು. ಮರುವರ್ಷವೇ 'ಮರೀನ್ ಮೇನಿಯ' ಎಂಬ ಪುರವಣಿಯ ಮೂಲಕ ನೀರಿನ ತೊಟ್ಟಿಗಳೂ ಕಡಲ ಪ್ರಾಣಿಗಳೂ ಅದಕ್ಕೆ ಸೇರಿದವು. 2019ರಲ್ಲಿ ಇಂಗ್ಲೆಂಡಿನ ಫ್ರಾಂಟಿಯರ್ ಸಂಸ್ಥೆಯು 'ಪ್ಲಾನೆಟ್ ಜೂ' ಎಂಬ ಆಟವನ್ನು ಹೊರತಂದಿತು. ಆಗ ಅದರಲ್ಲಿದ್ದ ಹಕ್ಕಿಗಳು ಉಷ್ಟ್ರಪಕ್ಷಿ, ರಾಜಹಂಸ ಮತ್ತು ನಮ್ಮ ನವಿಲು. 2020ರ ಡಿಸೆಂಬರಿನಲ್ಲಿ ಸೀಲ್, ದೈತ್ಯ ನೀರುನಾಯಿ, ಪೆಂಗ್ವಿನ್ ಮೊದಲಾದವು ಬಂದವು. ಪ್ರಾಣಿಗಳು ನೀರಿನೊಳಗೆ ಮುಳುಗಿ ಈಜುವ ಏರ್ಪಾಟೂ ಆಗಲೇ ಬಂದಿತು. ಈ ಹಕ್ಕಿಗಳ ಪಟ್ಟಿಯನ್ನು ಗಮನಿಸಿರಿ. ಉಷ್ಟ್ರಪಕ್ಷಿಯೂ ಪೆಂಗ್ವಿನ್ನೂ ಹಾರಲಾರವು. ನಮ್ಮ ಹೊಲಗಳ ನವಿಲು ಸಂಜೆಯಾದೊಡನೆ ಮರದ ಕೊಂಬೆಗೆ ಹಾರಿ ಕುಳಿತುಕೊಳ್ಳುತ್ತದೆ. ಆಟದ ನವಿಲು ನೆಲವನ್ನು ಬಿಡಲಿಲ್ಲ. ಹಕ್ಕಿ ಬಂದಿತು, ಹಾರಾಟ ಬರಲಿಲ್ಲ!

ಇದಕ್ಕೆ ಕಾರಣವು ಲೆಕ್ಕದಲ್ಲಿದೆ. ನೂರು ಮೀಟರು ಉದ್ದ, ನೂರು ಮೀಟರು ಅಗಲದ ಬಯಲನ್ನು ಒಂದೊಂದು ಮೀಟರಿನ ಚೌಕಗಳಾಗಿ ಭಾಗಿಸಿದರೆ 10,000 ಚೌಕಗಳಾಗುತ್ತವೆ. ನಡುವಿನ ಚೌಕದಲ್ಲಿ ನಿಂತ ಆನೆಗೆ ಮುಂದಿನ ಹೆಜ್ಜೆಗೆ 8 ದಾರಿಗಳಿವೆ. ಅದೇ ಬಯಲಿಗೆ 20 ಮೀಟರು ಎತ್ತರವನ್ನು ಕೂಡಿಸಿದರೆ ಚೌಕಗಳ ಬದಲು 2,00,000 ಘನಗಳಾಗುತ್ತವೆ. ಹಕ್ಕಿಯ ಸುತ್ತಲೂ 26 ದಾರಿಗಳು ತೆರೆಯುತ್ತವೆ. ಕೊಂಬೆಗೆ, ಬಲೆಗೆ, ಜೊತೆಯ ಹಕ್ಕಿಗೆ ತಾಗದಂತೆ ದಾರಿಯನ್ನು ಯಂತ್ರವು ಕ್ಷಣಕ್ಷಣವೂ ಆರಿಸಬೇಕು. ಇದಲ್ಲದೆ, ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಹಕ್ಕಿಯು ವೇಗವನ್ನು ಗಳಿಸದೆ ಮೇಲೇರಲಾರದು. ರಾಜಹಂಸವು ಹಾರುವ ಮೊದಲು ನೀರಿನ ಮೇಲೆ ಓಡುವುದು ಈ ಕಾರಣದಿಂದಲೇ. ಓಡಲು ಸ್ಥಳವಿಲ್ಲದ ಆವರಣವು, ಮೇಲೆ ತೆರೆದಿದ್ದರೂ, ಅದಕ್ಕೆ ಪಂಜರವೇ ಸರಿ.

ನೀರಿನ ಪ್ರಶ್ನೆಯು ಬೇರೆ ಬಗೆಯದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಆದುದರಿಂದ ಪ್ಲವನ ಬಲವು ಸೀಲಿನ ತೂಕವನ್ನು ಬಹುಮಟ್ಟಿಗೆ ತಾನೇ ಹೊರುತ್ತದೆ. ಆದರೆ ಮುನ್ನುಗ್ಗುವ ದೇಹವನ್ನು ನೀರು ಬಲವಾಗಿ ತಡೆಯುತ್ತದೆ. ಪ್ರತಿ 10 ಮೀಟರು ಆಳಕ್ಕೂ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುತ್ತದೆ. ನಮ್ಮ ಗಣಿಯ 3 ಕಿಲೋಮೀಟರಿನ ಕೂಪವು ನೀರಿನಿಂದ ತುಂಬಿದೆಯೆಂದು ಭಾವಿಸಿದರೆ ಅದರ ತಳದಲ್ಲಿ ಸುಮಾರು 300 ವಾಯುಮಂಡಲಗಳ ಒತ್ತಡವಿರುವುದು. ಮತ್ಸ್ಯಾಲಯದ ತೊಟ್ಟಿಯು 4 ಮೀಟರು ಆಳವಿದ್ದರೂ ಸಾಕು, ತಳದ ಬಳಿ ಗಾಜಿನ ಪ್ರತಿ ಚದರ ಮೀಟರಿನ ಮೇಲೂ ನೀರು 4 ಟನ್ನಿನಷ್ಟು ಬಲದಿಂದ ಒತ್ತುತ್ತದೆ. ಆಟದಲ್ಲಿ ಗಾಜು ಒಡೆಯದು. ನಿಜವಾದ ತೊಟ್ಟಿಯನ್ನು ಕಟ್ಟುವವರು ಇದನ್ನು ಮರೆಯುವಂತಿಲ್ಲ.

ಇನ್ನು ಹಿಂಡು. ಬೇತಮಂಗಲದ ಕೆರೆಯ ಮೇಲೆ ಬೆಳ್ಳಕ್ಕಿಗಳ ಗುಂಪು ತಿರುಗುವುದನ್ನು ಕಂಡವರು, ಇವುಗಳಿಗೆ ಅಪ್ಪಣೆ ಕೊಡುವವರಾರು ಎಂದು ಬೆರಗಾಗುವುದುಂಟು. 1987ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಎಂಬವರು ನಾಯಕನಿಲ್ಲದೆಯೇ ಇಂತಹ ಹಿಂಡನ್ನು ಗಣಕದಲ್ಲಿ ಹಾರಿಸಬಹುದೆಂದು ತೋರಿಸಿದರು. ಪ್ರತಿ ಹಕ್ಕಿಗೂ ಮೂರೇ ನಿಯಮಗಳು: ನೆರೆಯ ಹಕ್ಕಿಗೆ ಡಿಕ್ಕಿ ಹೊಡೆಯಬಾರದು; ನೆರೆಯವುಗಳ ವೇಗವನ್ನೂ ದಿಕ್ಕನ್ನೂ ಅನುಸರಿಸಬೇಕು; ಗುಂಪಿನ ನಡುವಿನ ಕಡೆಗೆ ಸಾಗಬೇಕು. ಈ ನಿಯಮಗಳು ಮೀನಿನ ಹಿಂಡಿಗೂ ಒಪ್ಪುತ್ತವೆ. ಆದರೆ 100 ಹಕ್ಕಿಗಳಲ್ಲಿ ಪ್ರತಿಯೊಂದೂ ಉಳಿದ 99ನ್ನು ನೋಡಬೇಕಾದರೆ ಒಂದು ಸಾರಿಗೆ 9,900 ಲೆಕ್ಕಗಳು. ಸೆಕೆಂಡಿಗೆ 60 ಸಾರಿ ಚಿತ್ರ ಬದಲಾದರೆ ಸುಮಾರು 6 ಲಕ್ಷ! ಆದುದರಿಂದ ಹತ್ತಿರದ ಹಕ್ಕಿಗಳನ್ನು ಮಾತ್ರ ನೋಡುವಂತೆ ಮಾಡಿ ಈ ಹೊರೆಯನ್ನು ಇಳಿಸುತ್ತಾರೆ.

ಇದು ಬರಿಯ ಆಟದ ಮಾತೆಂದು ತಳ್ಳಿಹಾಕುವಂತಿಲ್ಲ. ನಿಜವಾದ ಮೃಗಾಲಯಗಳೂ ಇದೇ ತೊಡಕನ್ನು ಎದುರಿಸಿವೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು 1892ರಲ್ಲಿ ಸ್ಥಾಪಿತವಾಯಿತು. ಹುಲಿ ಸಿಂಹಗಳನ್ನು ಕಂದಕವೊಂದು ತಡೆಯಬಲ್ಲದು. ಹಕ್ಕಿಗೆ ಕಂದಕವು ಲೆಕ್ಕಕ್ಕಿಲ್ಲ. ಆಗ ಉಳಿಯುವ ಮಾರ್ಗಗಳು ಎರಡು: ಹಕ್ಕಿಯ ರೆಕ್ಕೆಯನ್ನು ಕತ್ತರಿಸುವುದು, ಇಲ್ಲವೆ ಆಕಾಶದ ಒಂದು ತುಂಡಿಗೇ ಬಲೆ ಹೊದಿಸುವುದು. ಮೃಗಾಲಯದ ನೆರೆಯ ಕಾರಂಜಿ ಕೆರೆಯ ಬಳಿಯ ಪಕ್ಷಿಧಾಮದಲ್ಲಿ ಎರಡನೆಯ ಮಾರ್ಗವನ್ನು ಅನುಸರಿಸಿರುವರು. ಅದರ ಎತ್ತರವು ಸುಮಾರು 20 ಮೀಟರು. ನೋಡುವವರು ಅದರೊಳಗೇ ನಡೆದು ಹೋಗಬಹುದು. ಹಕ್ಕಿಗೆ ಕೊಡಬೇಕಾದುದು ನೆಲದ ವಿಸ್ತೀರ್ಣವಲ್ಲ, ಗಾಳಿಯ ಘನ ಅಳತೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಮೊದಲನೆಯ ಮಾರ್ಗವು ಅಗ್ಗವಾದುದು. ಹಾರದ ನವಿಲನ್ನು ಬರೆದ ಆಟವೂ ಒಂದು ಬಗೆಯಲ್ಲಿ ಅದನ್ನೇ ಹಿಡಿಯಿತೆನ್ನಬೇಕು. ಚಿತ್ರದ ಹಕ್ಕಿಗೆ ನೋವಿಲ್ಲ, ನಿಜ. ಆದರೆ ನೆಲದ ಮೇಲೆಯೇ ನಡೆಯುವ ಹಕ್ಕಿಯನ್ನು ದಿನವೂ ಕಂಡು ಬೆಳೆದವರಿಗೆ ಪಂಜರದ ಹಕ್ಕಿಯಲ್ಲಿಯೂ ಏನೂ ಕೊರತೆ ಕಾಣಿಸದೆ ಹೋಗಬಹುದು.

ಆದುದರಿಂದ ಆ ವಿದ್ಯಾರ್ಥಿಗೆ ನಾವು ಒಂದು ಕೆಲಸವನ್ನು ಒಪ್ಪಿಸಿದೆವು. ಆಟದಲ್ಲಿ ಮುಂದಿನ ಆವರಣವನ್ನು ಕಟ್ಟುವ ಮೊದಲು ಒಂದು ಸಂಜೆ ಕೆರೆಯ ಏರಿಯ ಮೇಲೆ ಕುಳಿತು, ಒಂದೇ ಬೆಳ್ಳಕ್ಕಿಯು ಹತ್ತು ನಿಮಿಷಗಳಲ್ಲಿ ಎಷ್ಟು ದೂರ, ಎಷ್ಟು ಎತ್ತರ ಹೋಗುವುದೆಂದು ಅಂದಾಜು ಮಾಡಿ ಬರೆದು ತರಬೇಕು. ಓದುಗರೂ ಇದನ್ನು ಮಾಡಿ ನೋಡಬಹುದು. ಆಮೇಲೆ ಹೇಳಿರಿ, ಅದಕ್ಕೆ ಎಷ್ಟು ದೊಡ್ಡ ಪಂಜರವನ್ನು ಕಟ್ಟುವಿರಿ?